ಐಸ್‌ಕ್ರೀಮ್ ಇಲ್ಲದ ಐಸ್‌ಕ್ರೀಮ್ ಡಬ್ಬಿಗಳು

ನಮ್ಮೂರ ಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮೂರು ಐಸ್‌ಕ್ರೀಮ್ ಡಬ್ಬಿಗಳಿವೆ. ಒಂದರಲ್ಲೂ ಐಸ್‌ಕ್ರೀಮ್ ಇಲ್ಲ. ಒಂದರಲ್ಲಿ ಹಸಿ ತೊಗರಿ ಕಾಳು, ಇನ್ನೊಂದರಲ್ಲಿ ಸೀತಾಫಲದ ತಿರುಳು, ಮತ್ತೊಂದರಲ್ಲಿ ಎಳ್ಳ ಅಮಾವಾಸ್ಯೆಯ ಭಜ್ಜಿ. ಪಕ್ಕದಲ್ಲಿ ಕೆನೆ ಕೂಡಿಡುವ ಸ್ಟೀಲ್ ಡಬ್ಬಿ. ಅದರ ಹಿಂದೆ ಹೋದ ವರ್ಷದ ಸೀತನಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದು. ತೀರಾ ಮೂಲೆಯಲ್ಲಿ ಯಾವಾಗ ಇಟ್ಟದ್ದೆಂದು ಯಾರಿಗೂ ನೆನಪಿಲ್ಲದ ಅರ್ಧ ಖೋವಾ. ಐಸ್ ಟ್ರೇ ಮಾತ್ರ ಇಲ್ಲ. ಜಾಗ ಸಾಲದೆ ಅದು ಅಟ್ಟ ಸೇರಿ ವರ್ಷಗಳಾದವು.

ಊರು ಖಟಕ ಚಿಂಚೋಳಿ. ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕು ಅಲ್ಲ ಸ್ವಾಮಿ, ಇದು ಬೀದರ್ ಜಿಲ್ಲೆ, ಭಾಲ್ಕಿ ತಾಲ್ಲೂಕಿನ ಹೋಬಳಿ. ಬೆಂಗಳೂರಿನ ಆಫೀಸಿನಲ್ಲಿ ಇದನ್ನು ವರ್ಷಕ್ಕೆ ನಾಲ್ಕು ಸಲವಾದರೂ ವಿವರಿಸುತ್ತೇನೆ. ಫ್ರಿಜ್ಜು ಅಣ್ಣನ ಮೊದಲ ಪಗಾರದ್ದು. ಒಂದೇ ಬಾಗಿಲಿನದು. ಮೇಲಿನ ಖಾನೆಯಲ್ಲಿ ಬರ್ಫ ಗೋಡೆಯಂತೆ ಕಟ್ಟಿಕೊಳ್ಳುತ್ತದೆ, ತಿಂಗಳಿಗೊಮ್ಮೆ ಕರಗಿಸಬೇಕು. ಒಮ್ಮೆ ಅಣ್ಣ ಸ್ಕ್ರೂ ಡ್ರೈವರಿನಿಂದ ಕೆತ್ತಲು ಹೋಗಿ ಗ್ಯಾಸ್ ಪೈಪಿಗೆ ತೂತು ಮಾಡಿದ್ದ. ರಿಪೇರಿಗೆ ಆದ ಖರ್ಚನ್ನು ಅವ್ವ ಇವತ್ತಿಗೂ ಅವನಿಗೆ ನೆನಪು ಮಾಡುತ್ತಾಳೆ.

ಅಣ್ಣ ಈಗ ಪುಣೆಯಲ್ಲಿ, ನಾನು ಬೆಂಗಳೂರಿನಲ್ಲಿ. ಊರಲ್ಲಿ ಅವ್ವ, ಅಪ್ಪ ಇಬ್ಬರೇ. ಇಬ್ಬರ ಊಟಕ್ಕೆ ಫ್ರೀಜರ್ ಬೇಕೇ ಇಲ್ಲ. ರೊಟ್ಟಿ ಆವತ್ತಿಂದಾವತ್ತಿಗೆ, ಪಲ್ಯ ಆ ಹೊತ್ತಿಗೆ. ಹಾಗಾದರೆ ಆ ಖಾನೆ ಯಾವಾಗಲೂ ಯಾಕೆ ತುಂಬಿರುತ್ತದೆ ಎಂದು ಒಮ್ಮೆ ಕೇಳಿದ್ದೆ.

"ಅದ್ರಾಗ ನಮ್ದೇನ್ ಅದ? ನಿಮ್ಮದೇ ಅಲ್ಲೇನು" ಅಂದಳು ಅವ್ವ.

ಅದು ಖರೆ. ಎಡಗಡೆ ಅಣ್ಣನ ಪಾಲು, ಬಲಗಡೆ ನನ್ನದು. ಮೇಲೆ ಹೆಸರು ಬರೆದಿಲ್ಲ, ತಾರೀಖು ಇಲ್ಲ. ಲೆಕ್ಕ ಪೂರ್ತಿ ಅವ್ವನ ತಲೆಯಲ್ಲಿದೆ. ನಾನು ದಿನವಿಡೀ ಡೇಟಾಬೇಸಿನ ಜೊತೆ ಗುದ್ದಾಡುವವಳು, ಅದಕ್ಕೇ ಒಂದು ಸಲ ಪ್ರತಿ ಡಬ್ಬಿಗೂ ಚೀಟಿ ಅಂಟಿಸಿ ಬಂದೆ. ಮುಂದಿನ ಸಲ ಹೋದಾಗ "ಸೀತಾಫಲ" ಎಂಬ ಚೀಟಿಯ ಡಬ್ಬಿಯಲ್ಲಿ ತೊಗರಿ ಇತ್ತು. ಅವ್ವ ಹೇಳಿದ್ದು ಇಷ್ಟೇ: "ಡಬ್ಬಿ ನೋಡಿ ಗುರುತ ಹಿಡಿಬೇಕು, ಚೀಟಿ ನೋಡಿ ಅಲ್ಲ."

ಎಳ್ಳ ಅಮಾವಾಸ್ಯೆ ಗೊತ್ತಿಲ್ಲದವರಿಗೆ ಭಜ್ಜಿ ಎಂದರೆ ಮೆಣಸಿನಕಾಯಿ ಭಜ್ಜಿಯೇ ನೆನಪಾಗುತ್ತದೆ. ಇದು ಬೇರೆ. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಈ ಅಮಾವಾಸ್ಯೆ ಬರುತ್ತದೆ. ಬೀದರ್, ಕಲಬುರಗಿ, ಗಡಿಯಾಚೆ ಲಾತೂರಿನ ಕಡೆ ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಜೋಳ ನಿಂತಿರುತ್ತದೆ, ಕಡಲೆ ಕಾಯಿ ಕಟ್ಟಿರುತ್ತದೆ, ತೊಗರಿ ಇನ್ನೂ ಹಸಿರು. ಕಣಕಿಯಿಂದ ಪುಟ್ಟ ಗುಡಿಸಲು ಕಟ್ಟಿ, ಒಳಗೆ ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜೆ ಮಾಡಿ, ಚರಗ ಚೆಲ್ಲಿ, ಆಮೇಲೆ ಊಟ. ಸಜ್ಜೆ ರೊಟ್ಟಿ, ಸಜ್ಜೆ ಕಡಬು, ಶೇಂಗಾ ಹೋಳಿಗೆ, ಗಡಿಗೆ ತುಂಬ ಜೋಳದ ಅಂಬಲಿ. ಇವೆಲ್ಲದರ ನಡುವೆ ಭಜ್ಜಿ.

ಹಸಿ ತೊಗರಿ, ಹಸಿ ಕಡಲೆ, ಅವರೆ, ವಟಾಣಿ, ಶೇಂಗಾ, ಮೆಂತ್ಯೆ, ಪಾಲಕ, ಬದನೆ, ಗಜ್ಜರಿ, ಹಸಿಮೆಣಸಿನಕಾಯಿ, ಹೀಗೆ ಆ ತಿಂಗಳು ಹೊಲದಲ್ಲಿ ಸಿಗುವುದೆಲ್ಲ ಒಂದೇ ಪಾತ್ರೆಗೆ ಬೀಳುತ್ತದೆ. ಹುಣಸೆ ಹುಳಿ ಹಾಕಿ, ಕಡಲೆ ಹಿಟ್ಟು ಕಲಸಿ ಬಿಟ್ಟು ಗಟ್ಟಿ ಮಾಡುತ್ತಾರೆ. ಹಿಂದಿನ ರಾತ್ರಿ ಕಾಳು ಸುಲಿಯಲು ಕುಳಿತ ಹೆಂಗಸರು ಏಳುವ ಹೊತ್ತಿಗೆ ನಡುರಾತ್ರಿ. ಆ ದಿನ ಯಾರ ಹೊಲಕ್ಕೆ ಯಾರು ಹೋದರೂ ಉಣ್ಣದೆ ಬರುವ ಹಾಗಿಲ್ಲ. ಐದು ಹೊಲ ಸುತ್ತಿದರೆ ಐದು ಥರದ ಭಜ್ಜಿ.

ಆದರೆ ಎಳ್ಳ ಅಮಾವಾಸ್ಯೆಗೆ ನಮ್ಮ ಆಫೀಸಿನ ಕ್ಯಾಲೆಂಡರಿನಲ್ಲಿ ರಜೆ ಇಲ್ಲ. ವರ್ಷದ ಕೊನೆ, ರಿಲೀಸು, ಆನ್‌ಕಾಲು. ಎಂಟು ವರ್ಷದಲ್ಲಿ ನಾನು ಹೋದದ್ದು ಮೂರು ಸಲ. ಉಳಿದ ಐದು ವರ್ಷ ನನ್ನ ಪಾಲಿನ ಹಬ್ಬ ಐಸ್‌ಕ್ರೀಮ್ ಡಬ್ಬಿಯಲ್ಲಿತ್ತು.

ಅವ್ವ ಹಸಿ ತೊಗರಿಯನ್ನು ಹಾಗೇ ಡಬ್ಬಿಗೆ ತುಂಬುವುದಿಲ್ಲ. ಕುದಿಯುವ ನೀರಿಗೆ ಹಾಕಿ, ಒಂದೆರಡು ನಿಮಿಷಕ್ಕೆ ತೆಗೆದು, ತಣ್ಣೀರಿಗೆ ಸುರಿದು, ಹಳೇ ಧೋತರದ ಮೇಲೆ ಹರವಿ ಒಣಗಿಸಿ ಆಮೇಲೆ ಇಡುತ್ತಾಳೆ. ಯಾಕೆ ಎಂದರೆ "ಇಲ್ಲಂದ್ರ ಕಾಳು ಹುಲ್ಲು ನಾರ್ತದ." ಸರಿಯಾದ ಮಾತು. ಕಾಳಿನೊಳಗಿನ ಕಿಣ್ವಗಳು ಚಳಿಗೆ ಸಾಯುವುದಿಲ್ಲ, ನಿಧಾನವಾಗುತ್ತವೆ ಅಷ್ಟೆ. ಮೈನಸ್ 18 ಡಿಗ್ರಿಯಲ್ಲೂ ತಿಂಗಳುಗಟ್ಟಲೆ ಮೆಲ್ಲಗೆ ಕೆಲಸ ಮಾಡಿ ಬಣ್ಣ, ರುಚಿ ಕೆಡಿಸುತ್ತವೆ. ಕುದಿನೀರು ಅವುಗಳನ್ನು ಮೊದಲೇ ನಿಲ್ಲಿಸುತ್ತದೆ. ಬ್ಯಾಕ್ಟೀರಿಯಾದ ಕಥೆಯೂ ಹೆಚ್ಚೂಕಡಿಮೆ ಇದೇ. ಫ್ರೀಜರ್ ಅವುಗಳಲ್ಲಿ ಹೆಚ್ಚಿನವನ್ನು ಮಲಗಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಕರಗಿ ಬೆಚ್ಚಗಾದ ಕೂಡಲೇ ಎದ್ದು ಕೂರುತ್ತವೆ. ಹಾಗಾಗಿ ಡಬ್ಬಿಯನ್ನು ಕಟ್ಟೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಬಿಡುವುದಕ್ಕಿಂತ ಹಿಂದಿನ ರಾತ್ರಿಯೇ ಕೆಳಗಿನ ಖಾನೆಗೆ ಇಳಿಸುವುದು ಒಳ್ಳೆಯದು.

ಕರಗಿದ ಭಜ್ಜಿಯಲ್ಲಿ ಬದನೆ ಮೆತ್ತಗಾಗಿರುವುದಕ್ಕೂ ಕಾರಣವಿದೆ. ನೀರು ಬರ್ಫವಾದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ನಿಧಾನವಾಗಿ ಹೆಪ್ಪುಗಟ್ಟಿದರೆ ಹರಳುಗಳು ದೊಡ್ಡವಾಗಿ ತರಕಾರಿಯ ಜೀವಕೋಶವನ್ನೇ ಸೀಳುತ್ತವೆ. ಬೇಗ ಹೆಪ್ಪುಗಟ್ಟಿದರೆ ಹರಳು ಸಣ್ಣವು, ಹಾನಿ ಕಡಿಮೆ. 1912ರಿಂದ 1915ರ ನಡುವೆ ಕೆನಡಾದ ಲ್ಯಾಬ್ರಡಾರಿನಲ್ಲಿದ್ದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೆರಿಕದವನು, ಅಲ್ಲಿನ ಇನ್ಯುಯಿಟ್ ಜನ ಹಿಡಿದ ಮೀನು ಆ ಚಳಿಗಾಳಿಗೆ ಕ್ಷಣದಲ್ಲಿ ಕಲ್ಲಾಗುವುದನ್ನೂ ತಿಂಗಳ ಮೇಲೆ ಕರಗಿಸಿದರೂ ತಾಜಾ ಇರುವುದನ್ನೂ ನೋಡಿದ. ಊರಿಗೆ ಮರಳಿ 1920ರ ದಶಕದಲ್ಲಿ ಅದನ್ನೇ ಯಂತ್ರಕ್ಕೆ ಇಳಿಸಿದ. ಇವತ್ತು ನೀವು ಆ್ಯಪಿನಲ್ಲಿ ತರಿಸುವ ವಟಾಣಿ ಪ್ಯಾಕೆಟ್ಟಿನ ಮೂಲ ಅಲ್ಲಿದೆ. ನಮ್ಮ ಮನೆಯ ಫ್ರಿಜ್ಜಿಗೆ ಆ ತಾಕತ್ತಿಲ್ಲ. ಒಂದೇ ಬಾಗಿಲಿನ ಫ್ರಿಜ್ಜುಗಳ ಪುಟ್ಟ ಖಾನೆ ಎಷ್ಟೋ ಸಲ ಮೈನಸ್ 18ಕ್ಕೆ ಇಳಿಯುವುದೇ ಇಲ್ಲ. ಹಾಗಾಗಿ ಬದನೆ ಮೆತ್ತಗಾಗುತ್ತದೆ, ನಾನು ಸುಮ್ಮನೆ ತಿನ್ನುತ್ತೇನೆ.

ಡಬ್ಬಿ ಬೆಂಗಳೂರಿಗೆ ಬರುವುದು ಬೀದರ್–ಯಶವಂತಪುರ ರೈಲಿನಲ್ಲಿ. ಮೊದಲು ಪೇಪರು, ಆಮೇಲೆ ಟವೆಲ್ಲು, ಅದರ ಮೇಲೆ ಹಳೇ ಕೌದಿಯ ತುಂಡು. ಥರ್ಮೋಕೋಲ್ ಪೆಟ್ಟಿಗೆ ತರುತ್ತೇನೆಂದರೆ ಅವ್ವ ಒಪ್ಪುವುದಿಲ್ಲ. ಒಂದು ರಾತ್ರಿಗೆ ಕೌದಿ ಸಾಕು ಎನ್ನುತ್ತಾಳೆ, ಸಾಕೂ ಆಗುತ್ತದೆ. ಬೆಳಿಗ್ಗೆ ನಮ್ಮ ಫ್ಲ್ಯಾಟಿಗೆ ತಲುಪಿದಾಗ ನಡುವೆ ಇನ್ನೂ ಕಲ್ಲಿನಂತೆ ಗಟ್ಟಿ. ಅಲ್ಲಿನ ಫ್ರೀಜರಿನಲ್ಲಿ ಅದಕ್ಕೆ ಮಂಗಳೂರಿನ ರೂಮ್‌ಮೇಟಿನ ತೆಂಗಿನ ತುರಿ, ಅವಳ ಅಮ್ಮ ಕಳಿಸಿದ ಬಂಗುಡೆ ಪಕ್ಕದಲ್ಲಿ ಜಾಗ. ಬಂಗುಡೆಯ ಪಕ್ಕ ಎಳ್ಳ ಅಮಾವಾಸ್ಯೆಯ ಭಜ್ಜಿ ಇದೆ ಎಂದು ಅವ್ವನಿಗೆ ನಾನಿನ್ನೂ ಹೇಳಿಲ್ಲ. ಈ ಅಂಕಣ ಅವಳು ಓದುವುದಿಲ್ಲ ಎಂಬ ಧೈರ್ಯ. ನನ್ನ ಹಳೇ ಟೀಮಿನವಳೊಬ್ಬಳು ಈಗ ನ್ಯೂಜೆರ್ಸಿಯಲ್ಲಿದ್ದಾಳೆ. ಅವಳ ಗ್ಯಾರೇಜಿನಲ್ಲಿ ಆಳೆತ್ತರದ ಫ್ರೀಜರ್ ಇದೆ, ಹುಬ್ಬಳ್ಳಿಯಿಂದ ಹೋದ ಹೋಳಿಗೆ ಅದರಲ್ಲಿ ಆರು ತಿಂಗಳು ಇರುತ್ತದೆಯಂತೆ. ದೂರ ಹೆಚ್ಚಾದಷ್ಟೂ ಫ್ರೀಜರ್ ದೊಡ್ಡದು.

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಇದ್ದಾಗ ಫ್ರಿಜ್ಜಿಗೆ "ನಿಂತ ಹಗೇವು" ಅನ್ನುತ್ತಿದ್ದಳು. ಹಗೇವು ನೋಡದವರಿಗೆ ಹೇಳಬೇಕು: ನೆಲದಲ್ಲಿ ಆಳಕ್ಕೆ ತೋಡಿದ ಕಣಜ ಅದು. ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಇಟ್ಟು ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಜೋಳ ಕೆಡುತ್ತಿರಲಿಲ್ಲ. ಕಾಳು ಉಸಿರಾಡಿ ಒಳಗಿನ ಆಮ್ಲಜನಕ ಮುಗಿಸಿಬಿಡುತ್ತದೆ, ಹುಳಕ್ಕೆ ಉಸಿರಿಲ್ಲ. ಮನುಷ್ಯರಿಗೂ ಇಲ್ಲ. ಹಗೇವು ತೆರೆದ ಕೂಡಲೇ ಇಳಿದು ಸತ್ತವರ ಕಥೆ ನಮ್ಮ ಕಡೆ ಊರೂರಿಗೂ ಇದೆ. ಅದಕ್ಕೇ ಬಾಯಿ ತೆಗೆದು ಗಾಳಿಯಾಡಲು ಬಿಟ್ಟು, ಕಂದೀಲು ಇಳಿಸಿ, ದೀಪ ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. "ಕೂಡಿಡೂದು ಸಸಾರ, ತೆಗಿಯೂದಕ್ಕ ಬುದ್ಧಿ ಬೇಕು" ಅನ್ನುತ್ತಿದ್ದಳು ಆಯಿ. ಆಗ ನನಗೆ ಅದು ಮುದುಕಿಯ ಮಾತು ಅನ್ನಿಸಿತ್ತು.

ಬೇಸಿಗೆಯಲ್ಲಿ ಟಿಸಿ ಸುಟ್ಟಿತೆಂದರೆ ಒಂದೂವರೆ ದಿನ ಲೈಟ್ ಇಲ್ಲದಿರುವುದೂ ಉಂಟು. ತುಂಬಿದ ಒಳ್ಳೆಯ ಫ್ರೀಜರ್ ಬಾಗಿಲು ತೆರೆಯದಿದ್ದರೆ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ಚಳಿ ಹಿಡಿದಿಟ್ಟುಕೊಳ್ಳುತ್ತದೆ ಎಂಬ ಲೆಕ್ಕವಿದೆ. ನಮ್ಮ ಸಣ್ಣ ಖಾನೆಗೆ ಅಷ್ಟು ನಂಬಿಕೆ ಇಡಲಾಗದು. ನಾನು ಅವ್ವನಿಗೆ ಒಂದು ಉಪಾಯ ಹೇಳಿಕೊಟ್ಟಿದ್ದೆ. ಒಂದು ಬಟ್ಟಲು ನೀರು ಹೆಪ್ಪುಗಟ್ಟಿಸಿ ಮೇಲೆ ಒಂದು ರೂಪಾಯಿ ಇಡಬೇಕು. ಲೈಟ್ ಬಂದ ಮೇಲೆ ರೂಪಾಯಿ ಬಟ್ಟಲಿನ ತಳದಲ್ಲಿ ಸಿಕ್ಕಿಕೊಂಡಿದ್ದರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ, ಚೆಲ್ಲಬೇಕು. ಅವ್ವ ಇಟ್ಟಳು. ಈ ಜಾಣತನದ ಮೇಲೆ ನನಗೆ ಬಹಳ ಹೆಮ್ಮೆ ಇತ್ತು. ಹೋದ ಅಮಾವಾಸ್ಯೆಯ ತನಕ.

ಅಪ್ಪನಿಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಮೂರು ವರ್ಷದಿಂದ ಇನ್ಸುಲಿನ್. ಬೆಳಿಗ್ಗೆ 16 ಯೂನಿಟ್, ರಾತ್ರಿ 10. ಶಿಸ್ತಿನ ಮನುಷ್ಯ. ಹೊಲಕ್ಕೆ ಹೋಗುವ ಮುಂಚೆ ತಾನೇ ಚುಚ್ಚಿಕೊಳ್ಳುತ್ತಾನೆ. ದೀಪಾವಳಿ ಮುಗಿದ ಮೇಲೆ ಸಕ್ಕರೆ ಏರತೊಡಗಿತು. ಖಾಲಿ ಹೊಟ್ಟೆಯಲ್ಲಿ 140ರ ಹತ್ತಿರ ಇರುತ್ತಿದ್ದದ್ದು 210, ಆಮೇಲೆ 260, ಒಂದು ದಿನ 310.

ಕಾರಣ ಎಲ್ಲರಿಗೂ ಗೊತ್ತಿತ್ತು. ದೀಪಾವಳಿಯ ಡಬ್ಬಿಗಳು ಇನ್ನೂ ಮನೆಯಲ್ಲಿದ್ದವಲ್ಲ. ಅವ್ವ ಕರದಂಟಿನ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು.

"ನಾ ತಿಂದಿಲ್ಲ" ಅಂದ ಅಪ್ಪ.

"ಹಂಗಾದ್ರ ಸಕ್ರಿ ತಾನೇ ಏರ್ಲತ್ತದೇನು?" ಅವ್ವ.

ಅಣ್ಣ ಪುಣೆಯಿಂದ ಬೈದ. ನಾನು ಬೆಂಗಳೂರಿನಿಂದ ವಿಡಿಯೊ ಕಾಲ್ ಮಾಡಿ, ಕಿಡ್ನಿ, ಕಣ್ಣು, ಕಾಲು ಎಂದು ಹೆದರಿಸಿ, "ಅಪ್ಪಾ, ಮಕ್ಕಳ ಹಂಗ ಕದ್ದು ತಿಂತಿಯಲ್ಲ, ನಿಂಗ ನಾಚಿಕಿ ಆಗಲ್ಲೇನು" ಅಂದುಬಿಟ್ಟೆ. ಅಪ್ಪ ಏನೂ ಮಾತಾಡದೆ ಫೋನನ್ನು ಅವ್ವನ ಕೈಗೆ ಕೊಟ್ಟ. ಡಾಕ್ಟರು ಪಥ್ಯದ ಬಗ್ಗೆ ಕೇಳಿದರು, ಇಂಜೆಕ್ಷನ್ ತಪ್ಪಿಸುತ್ತಿಲ್ಲವೇ ಎಂದು ಕೇಳಿದರು. ಇಲ್ಲ ಎಂದ ಮೇಲೆ ಡೋಸ್ ಏರಿಸಿದರು. ಬೆಳಿಗ್ಗೆ 22, ರಾತ್ರಿ 16. ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು.

ಎಳ್ಳ ಅಮಾವಾಸ್ಯೆಗೆ ಈ ಸಲ ರಜೆ ಹಾಕಿ ಹೋದೆ. ಹೊಲ, ಭಜ್ಜಿ, ಅಂಬಲಿ ಎಲ್ಲ ಆಯಿತು. ಅಪ್ಪ ಹೋಳಿಗೆಯ ಕಡೆ ನೋಡಲೂ ಇಲ್ಲ. ನೋಡುತ್ತಾನೇನೋ ಎಂದು ನಾವು ಮೂವರೂ ನೋಡುತ್ತಿದ್ದೆವು. ಮರುದಿನ ಸಂಜೆ ನನ್ನ ಡಬ್ಬಿಗೆ ಜಾಗ ಮಾಡಲು ಮೇಲಿನ ಖಾನೆ ಖಾಲಿ ಮಾಡುತ್ತಿದ್ದೆ. ಸೀತನಿಯ ಚೀಲದ ಹಿಂದೆ, ಬರ್ಫದ ಗೋಡೆಗೆ ಅಂಟಿಕೊಂಡು ಸಣ್ಣ ರಟ್ಟಿನ ಡಬ್ಬಿ. ಕಿತ್ತು ತೆಗೆದೆ. ಒಳಗೆ ಇನ್ಸುಲಿನ್ ಸೀಸೆ. ಅಲ್ಲಾಡಿಸಿದರೆ ಅಲ್ಲಾಡಲಿಲ್ಲ, ಹೆಪ್ಪುಗಟ್ಟಿತ್ತು.

"ಅವ್ವಾ, ಇದ್ಯಾಕ ಇಲ್ಲದ?"

"ಬಾಗಿಲ ಖಾನ್ಯಾಗ ನಿಮ್ಮಿಬ್ಬರ ತುಪ್ಪದ ಬಾಟ್ಲಿ ಇಟ್ಟೀನಲ್ಲ, ಜಾಗ ಇರಲಿಲ್ಲ. ಭಾಲ್ಕಿಯಿಂದ ಮೂರು ಸೀಸಿ ಒಮ್ಮೆಲೆ ತಂದಿದ್ದೆ. ತಂಪಿದ್ದಷ್ಟು ಛಲೋ ಅಂತ ಮ್ಯಾಲ ಇಟ್ಟೆ. ಬೇಕಾದಾಗ ಒಂದಿನ ಮೊದಲು ಕೆಳಗ ಇಳಸ್ತೀನಿ, ಕರಗತದ."

ಭಜ್ಜಿಗೆ ಮಾಡಿದ ಹಾಗೆಯೇ. ನಾನೇ ಹೇಳಿಕೊಟ್ಟ ರೀತಿ.

ಇನ್ಸುಲಿನ್ ಒಂದು ಪ್ರೋಟೀನ್. ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿಯ ನಡುವೆ ಇಡಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಂತೆ. ಕರಗಿಸಿದರೆ ಮತ್ತೆ ಮೊದಲಿನಂತೆ ಆಗುವುದಿಲ್ಲ, ಎಸೆಯಬೇಕು. ಡಬ್ಬಿಯ ಮೇಲೆಯೇ ಬರೆದಿರುತ್ತದೆ, ಇರುವೆ ಗಾತ್ರದ ಇಂಗ್ಲಿಷ್ ಅಕ್ಷರದಲ್ಲಿ. ಅಪ್ಪನದು ಹಾಲಿನಂತೆ ಬೆಳ್ಳಗಿರುವ ಮಿಶ್ರ ಬಗೆ, ಅಂಗೈ ನಡುವೆ ಉರುಳಿಸಿ ಬೆರೆಸಿಕೊಂಡು ತೆಗೆದುಕೊಳ್ಳುವಂಥದ್ದು. ಹೆಪ್ಪುಗಟ್ಟಿದರೆ ಅದರ ಕಣಗಳು ಗಂಟುಕಟ್ಟುತ್ತವೆ. ಬಳಕೆಯಲ್ಲಿದ್ದ ಸೀಸೆಯನ್ನು ಬೆಳಕಿಗೆ ಹಿಡಿದೆ. ಗಾಜಿನ ಒಳಮೈಗೆ ಬಿಳಿ ಚೂರುಗಳು ಅಂಟಿಕೊಂಡಿದ್ದವು. ಎಷ್ಟು ಉರುಳಿಸಿದರೂ ಬಿಡಲಿಲ್ಲ. ಅಪ್ಪ ಒಂದು ತಿಂಗಳಿಂದ ಚುಚ್ಚಿಕೊಳ್ಳುತ್ತಿದ್ದದ್ದು ಇದನ್ನೇ.

ಆಫೀಸಿನಲ್ಲಿ ಏನಾದರೂ ಕೆಟ್ಟರೆ ನಾವು ಕೇಳುವ ಮೊದಲ ಪ್ರಶ್ನೆ: ಮೊದಲು ಸರಿ ಇತ್ತಲ್ಲ, ಆಮೇಲೆ ಏನು ಬದಲಾಯಿತು? ಆ ಪ್ರಶ್ನೆಯನ್ನು ನಾನು ಅಪ್ಪನ ವಿಷಯದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ತಪ್ಪು ಮನುಷ್ಯನದೇ ಎಂದು ಮೊದಲೇ ತೀರ್ಮಾನ ಮಾಡಿದ್ದೆ.

ಇಲ್ಲಿಗೆ ಮುಗಿದಿದ್ದರೆ ನಾನು ಮನೆಯ ಜಾಣ ಮಗಳಾಗಿ ಬೆಂಗಳೂರಿಗೆ ಮರಳುತ್ತಿದ್ದೆ. ಮುಗಿಯಲಿಲ್ಲ. ಎರಡೂ ಸೀಸೆ ಎಸೆದು, ಬೈಕಿನಲ್ಲಿ ಭಾಲ್ಕಿಗೆ ಹೋಗಿ ಹೊಸದು ತಂದೆ. ರಾತ್ರಿ ಊಟಕ್ಕೆ ಮುಂಚೆ ಅಪ್ಪ 16 ಯೂನಿಟ್ ಎಳೆದ. ಡಾಕ್ಟರು ಬರೆದದ್ದೇ ಅಷ್ಟಲ್ಲವೇ. ನಾನು ಪಕ್ಕದಲ್ಲೇ ನಿಂತಿದ್ದೆ. ಆ 16, ಸತ್ತ ಇನ್ಸುಲಿನ್ನಿನ ಲೆಕ್ಕಕ್ಕೆ ಏರಿಸಿದ ಅಂಕಿ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ರಾತ್ರಿ ಮೂರರ ಸುಮಾರಿಗೆ ಅವ್ವ ಕೂಗಿದಳು. ನಮ್ಮ ಕಡೆ ಡಿಸೆಂಬರ್ ಎಂದರೆ ಎರಡು ಕೌದಿಯ ಚಳಿ. ಅಪ್ಪನ ಅಂಗಿ ಬೆವರಿಗೆ ಮೈಗಂಟಿತ್ತು. ಕೈ ನಡುಗುತ್ತಿತ್ತು. ಎತ್ತು ಬಿಚ್ಚಿವೆ, ಕಟ್ಟು ಎಂದು ಏನೇನೋ ಅನ್ನುತ್ತಿದ್ದ. ನಮ್ಮ ಮನೆಯಲ್ಲಿ ಎತ್ತು ಮಾರಿ ಆರು ವರ್ಷವಾಗಿದೆ. ಬೆರಳು ಚುಚ್ಚಿ ಮೀಟರ್ ನೋಡಿದೆ: 52. 70ಕ್ಕಿಂತ ಕೆಳಗಿಳಿದರೇ ಅಪಾಯ.

ಅವ್ವ ಆಗಲೇ ಚರಿಗೆಯಲ್ಲಿ ಮೂರು ಚಮಚ ಸಕ್ಕರೆ ಕದಡಿ ತಂದಿದ್ದಳು. ನುಂಗುವಷ್ಟು ಎಚ್ಚರ ಇತ್ತು, ಪುಣ್ಯ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ನೇರ ಆಸ್ಪತ್ರೆಗೆ ಒಯ್ಯಬೇಕು. ಸುಮಾರು 15 ಗ್ರಾಂ ಸಕ್ಕರೆ, 15 ನಿಮಿಷ ಕಾದು ಮತ್ತೆ ಪರೀಕ್ಷೆ. ಆ 15 ನಿಮಿಷದಷ್ಟು ಉದ್ದದ ಹೊತ್ತು ನಾನು ಕಂಡಿಲ್ಲ. 68. ಮತ್ತೊಂದು ಲೋಟ. ಆಮೇಲೆ 97. ಬೆವರು ನಿಂತಿತು. ಅವ್ವ ಅರ್ಧ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಹಾಕಿ ಉಣಿಸಿದಳು. ನಾಲ್ಕೂವರೆಗೆ ಅಪ್ಪ ಗೋಡೆಗೆ ಒರಗಿ ಕುಳಿತು ನಮ್ಮಿಬ್ಬರ ಮುಖ ನೋಡಿದ.

"ನಾ ಕರದಂಟು ತಿಂದಿಲ್ಲಂತ ಈಗರೆ ನಂಬತೀರಿ ಇಲ್ಲ?"

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದಳು. ನಾನು ತಪ್ಪಾಯಿತು ಅಂದೆ. ಅವನು "ಇರಲಿ ಬಿಡವ್ವಾ, ಮಲ್ಕೋ ಹೋಗು" ಅಂದ. ನಾನು ಹೋಗಲಿಲ್ಲ.

ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಹಳೇ ಡೋಸಿಗೆ ಮರಳಿಸಿ, ಒಂದು ವಾರ ದಿನಾ ನಾಲ್ಕು ಸಲ ನೋಡಿ ಬರೆಯಿರಿ ಅಂದರು. ಇಂಥ ಹೆಪ್ಪುಗಟ್ಟಿದ ಸೀಸೆ ತಾವು ನೋಡುತ್ತಿರುವುದು ಇದೇ ಮೊದಲಲ್ಲ ಎಂದೂ ಹೇಳಿದರು. ಸೀಸೆ ಬದಲಿಸುವ ಮುಂಚೆ ನಾನು ಮಾಡಬೇಕಿದ್ದದ್ದು ಈ ಫೋನ್. ನಿಮ್ಮ ಮನೆಯಲ್ಲಿ ಇಂಥದ್ದು ಸಿಕ್ಕರೆ ದಯವಿಟ್ಟು ನನ್ನ ಹಾಗೆ ಭಾಲ್ಕಿಗೆ ಓಡಬೇಡಿ, ಮೊದಲು ಕೇಳಿ.

ಈಗ ಬಾಗಿಲಿನ ನಡುವಿನ ಖಾನೆ ಅಪ್ಪನದು. ಫ್ರೀಜರಿನ ಕೆಳಗಿರುವ ಟ್ರೇಯಲ್ಲೂ ಇಡುವ ಹಾಗಿಲ್ಲ, ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಅಲ್ಲಿಯೂ ಹೆಪ್ಪುಗಟ್ಟುತ್ತದೆ. ಬಳಸುತ್ತಿರುವ ಸೀಸೆಯನ್ನು ಹೊರಗಿಟ್ಟರೂ ನಡೆಯುತ್ತದೆ. 25–30 ಡಿಗ್ರಿಯೊಳಗೆ ಸಾಮಾನ್ಯವಾಗಿ 28 ದಿನ, ನಿಮ್ಮ ಡಬ್ಬಿಯ ಮೇಲಿರುವುದನ್ನು ಓದಿಕೊಳ್ಳಿ. ಆದರೆ ನಮ್ಮ ಮೇ ತಿಂಗಳು 40 ದಾಟುತ್ತದೆ, ಲೈಟ್ ನಂಬುವಂತಿಲ್ಲ. ಅದಕ್ಕೆ ಮಣ್ಣಿನ ಗಡಿಗೆಯ ಉಪಾಯ ಇದೆ. ದೊಡ್ಡ ಗಡಿಗೆಯೊಳಗೆ ಸಣ್ಣದು, ನಡುವೆ ಒದ್ದೆ ಮರಳು, ಒಳಗೆ ಸೀಸೆ, ಮೇಲೆ ಒದ್ದೆ ಬಟ್ಟೆ. ಕೀನ್ಯಾದ ಡಗಹಲೇ ನಿರಾಶ್ರಿತರ ಶಿಬಿರದ ಬಿಸಿಲನ್ನೇ ಮಾದರಿಯಾಗಿಟ್ಟುಕೊಂಡು ಜಿನೀವಾ ವಿಶ್ವವಿದ್ಯಾಲಯ ಮತ್ತು ಮೆಡಿಸಿನ್ ಸಾನ್ ಫ್ರಾಂಟಿಯೆ ಸಂಸ್ಥೆ ಸೇರಿ ಒಂದು ಪರೀಕ್ಷೆ ಮಾಡಿದವು, 2021ರಲ್ಲಿ ಪ್ರಕಟವಾಯಿತು. 25ರಿಂದ 37 ಡಿಗ್ರಿ ನಡುವೆ ಏರಿಳಿದರೂ ನಾಲ್ಕು ವಾರ ಇನ್ಸುಲಿನ್ ತಾಕತ್ತು ಉಳಿಸಿಕೊಂಡಿತ್ತು. ಅಂದರೆ ಅದಕ್ಕೆ ಸ್ವಲ್ಪ ಸೆಖೆ ತಡೆಯುವ ಶಕ್ತಿ ಇದೆ, ಬರ್ಫ ತಡೆಯುವ ಶಕ್ತಿ ಇಲ್ಲ. ನಾವು ಯೋಚಿಸಿದ್ದು ಸರಿ ಉಲ್ಟಾ. ಪ್ರಯಾಣದಲ್ಲಿ ಬರ್ಫದ ತುಂಡಿಗೆ ತಾಗಿಸಿ ಒಯ್ಯುವವರೂ ಇದ್ದಾರೆ. ಅದೂ ಬೇಡ, ನಡುವೆ ಬಟ್ಟೆ ಇರಲಿ.

ನಾನು ಹೊರಡುವ ದಿನ ಅವ್ವ ಮೇಲಿನ ಖಾನೆಯನ್ನು ಪೂರ್ತಿ ಖಾಲಿ ಮಾಡಿದ್ದಳು. ಖೋವಾ ತಿಪ್ಪೆಗೆ. ಸೀತನಿ ಎದುರು ಮನೆಗೆ. ತೊಗರಿ ಅರ್ಧ ನನ್ನ ಅತ್ತೆಯ ಮನೆಗೆ. "ಕೂಡಿಟ್ಟು ಕೂಡಿಟ್ಟು ನಿಮ್ಮಪ್ಪನ ಜೀವಕ್ಕ ತಂದಿಟ್ಟೆ. ಇನ್ನ ಮುಂದ ಯಾರಿಗೂ ಏನೂ ಇಡಲ್ಲ" ಅಂದಳು. ತಪ್ಪು ಡಬ್ಬಿಗಳದ್ದಲ್ಲ, ಜಾಗದ್ದು ಎಂದು ಹೇಳಲು ಹೋದೆ. ಕೇಳಲಿಲ್ಲ. ಹದಿನೈದು ಲೀಟರಿನ ಆ ಖಾನೆ ಅಷ್ಟು ಖಾಲಿ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ನೋಡಿ ಹೊಟ್ಟೆಯಲ್ಲಿ ಏನೋ ಆಯಿತು. ಆ ಸಲ ರೈಲಿನಲ್ಲಿ ನನ್ನ ಚೀಲ ಹಗುರವಾಗಿತ್ತು.

ಮೂರು ವಾರ ಹಾಗೇ ಹೋಯಿತು. ಅಪ್ಪನ ಅಂಕಿಗಳು ಫೋಟೊ ಆಗಿ ಗ್ರೂಪಿಗೆ ಬರುತ್ತಿದ್ದವು. 151, 138, 144. ಸಂಕ್ರಾಂತಿ ಮುಗಿದ ಮೇಲೆ ಊರಿನವರೊಬ್ಬರು ಕೆಲಸದ ಮೇಲೆ ಬೆಂಗಳೂರಿಗೆ ಬಂದಿದ್ದರು. ಯಶವಂತಪುರಕ್ಕೆ ಬಂದು ಒಯ್ಯಿರಿ ಎಂದು ಫೋನ್. ಹೋದರೆ ಕೌದಿ ತುಂಡಿನ ಗಂಟು, ಒಳಗೆ ಐಸ್‌ಕ್ರೀಮ್ ಡಬ್ಬಿ. ಮುಚ್ಚಳದ ಮೇಲೆ ಚೀಟಿ. ಅಪ್ಪನ ಅಕ್ಷರ: "ಹಸಿ ತೊಗರಿ. ಇನ್ಸುಲಿನ್ ಅಲ್ಲ."

ರಾತ್ರಿ ಅವ್ವನಿಗೆ ಫೋನ್ ಮಾಡಿದೆ.

"ಮುಟ್ಟಿತೇನು? ಬರ್ಫ ಬಿಟ್ಟಿತ್ತೇನು?"

"ಇಲ್ಲವ್ವ, ಗಟ್ಟಿನೇ ಇತ್ತು. ಏನೂ ಇಡಲ್ಲ ಅಂದಿದ್ದಿ?"

"ಒಂದೇ ಡಬ್ಬಿ ಇಟ್ಟೀನಿ. ನಿಮ್ಮಪ್ಪನೇ ಸುಲಿದಾನ ಕಾಳು. ಲಗೂನ ತಿನ್ನು, ಡಬ್ಬಿ ತೊಳದು ವಾಪಸ್ ತಗೊಂಡು ಬಾ. ಮನ್ಯಾಗ ಮತ್ತೊಂದಿಲ್ಲ."